ಆಲ್-ಮೌಂಟನ್ ಸ್ಕೀ: ನನ್ನ ತೂಕಕ್ಕೆ, ನನ್ನ ಹಿಮಕ್ಕೆ ಹೊಂದೋದನ್ನ ಹೇಗೆ ಆರಿಸಿದೆ

ಆಲ್-ಮೌಂಟನ್ ಅಂದ್ರೆ ಗಟ್ಟಿ ಹಿಮ, ಮೆತ್ತನೆ ಹಿಮ ಎಲ್ಲದಕ್ಕೂ ಒಂದೇ ಜೋಡಿ ಸಾಕು ಅನ್ನೋ ಥರದ ಸ್ಕೀ. ಅದು ಎಷ್ಟು ಉದ್ದ ಇರ್ಬೇಕು ಅಂತ ಯಾರನ್ನ ಕೇಳಿದ್ರೂ, ಪಕ್ಕದಲ್ಲಿ ನಿಲ್ಲಿಸಿದಾಗ ಗದ್ದದಿಂದ ನೆತ್ತಿವರೆಗೆ ಎಲ್ಲೋ ಒಂದು ಕಡೆ ಬಂದ್ರೆ ಸಾಕು ಅಂತಾರೆ. ಶುರು ಮಾಡೋಕೆ ಇದು ಪರ್ವಾಗಿಲ್ಲ. ಆದ್ರೆ ಸ್ಕೀಗೆ ನಿಮ್ಮ ಎತ್ತರ ಗೊತ್ತಾಗಲ್ಲ, ಮೇಲೆ ಎಷ್ಟು ಭಾರ ಬೀಳ್ತಿದೆ ಅನ್ನೋದು ಮಾತ್ರ ಗೊತ್ತಾಗತ್ತೆ. ನಾನು 166 ಸೆಂ.ಮೀ. ಎತ್ತರ, 84 ಕೆಜಿ ತೂಕ. ನನ್ನಷ್ಟೇ ಎತ್ತರ ಇದ್ದು 60 ಕೆಜಿ ಇರೋರಿಗೆ ಸರಿಯಾಗೋ ಸ್ಕೀ ನನ್ನ ಕಾಲ ಕೆಳಗೆ ಅತಿಯಾಗಿ ಬಾಗತ್ತೆ, ಸ್ಪೀಡ್ ಏರಿದ್ರೆ ಮುಂದಿನ ತುದಿ ಪಟಪಟ ಬಡಿಯತ್ತೆ, ತಿರುವಿನ ಕೊನೇಲಿ ಹಿಡಿತ ಬಿಡತ್ತೆ. ಅದೇ ನನಗೆ ಸರಿ ಇರೋದು ಅವರಿಗೆ ಬಾಗೋದೇ ಇಲ್ಲ, ಬಾಗದ ಸ್ಕೀ ತಿರುಗಲ್ಲ, ನೇರ ಹೋಗ್ತಾ ಇರತ್ತೆ. ಹಾಗಾಗಿ ನಾನು ಮೊದಲು ನೋಡಿದ್ದು ತೂಕ, ಆಮೇಲೆ ಎಷ್ಟು ವೇಗವಾಗಿ ಇಳೀತೀನಿ ಅನ್ನೋದು, ಎತ್ತರ ಮೂರನೇದು.

ಎರಡನೇ ವಿಷ್ಯ ರಾಕರ್. ಸ್ಕೀನ ಮುಂಭಾಗ ತುದಿಗಿಂತ ಸಾಕಷ್ಟು ಹಿಂದಿನಿಂದಲೇ ನಿಧಾನಕ್ಕೆ ಮೇಲೆ ಏಳತ್ತಲ್ಲ, ಅದು. 2002ರಲ್ಲಿ ಶೇನ್ ಮ್ಯಾಕ್‌ಕಾಂಕಿ ಅನ್ನೋ ಸ್ಕೀಯರ್ ಯೋಚನೆಯಿಂದ ವೊಲಾಂಟ್ ಕಂಪನಿ ತಂದ ಸ್ಪ್ಯಾಚುಲಾ ಅನ್ನೋ ಸ್ಕೀ ಬರೀ ಪೌಡರ್‌ಗೆ, ಅಂದ್ರೆ ತಾಜಾ ಮೆತ್ತನೆ ಹಿಮಕ್ಕೆ ಅಂತಲೇ ಮಾಡಿದ್ದು, ಆ ಐಡಿಯಾ ಆಮೇಲೆ ಆಲ್-ಮೌಂಟನ್ ಸ್ಕೀಗಳಿಗೂ ಸಣ್ಣ ಪ್ರಮಾಣದಲ್ಲಿ ಬಂತು. ಇದರಿಂದ ತಿರುವು ಶುರು ಮಾಡೋದು ಸುಲಭ, ಕಲಸಿಹೋದ ಹಿಮದಲ್ಲಿ ತುದಿ ಸಿಕ್ಕಿಹಾಕ್ಕೊಳ್ಳಲ್ಲ. ಆದ್ರೆ ಗಟ್ಟಿ ಹಿಮದ ಮೇಲೆ ಸಪಾಟಾಗಿ ನಿಂತಾಗ ನೆಲ ಮುಟ್ಟೋ ಎಡ್ಜ್ (ತಳದ ಅಂಚಿನ ಲೋಹದ ಪಟ್ಟಿ) ಕಮ್ಮಿ ಆಗತ್ತೆ, ಅಂದ್ರೆ ಮೇಲೆ 172 ಸೆಂ.ಮೀ. ಅಂತ ಬರೆದಿದ್ರೂ ಕೆಲ್ಸ ಮಾಡೋ ಉದ್ದ ಅದಕ್ಕಿಂತ ತುಂಬಾ ಚಿಕ್ಕದು. ನಾನು ಮಾಡೋದು ಇಷ್ಟೇ, ಜೋಡಿಯ ಎರಡೂ ಸ್ಕೀಗಳ ತಳ ಒಂದಕ್ಕೊಂದು ಸೇರಿಸಿ, ನಡುವೆ ಒತ್ತಿ ಹಿಡಿದು, ಮುಂದೆ ಎಲ್ಲಿ ಬಿಟ್ಕೊಳ್ಳತ್ತೆ ಹಿಂದೆ ಎಲ್ಲಿ ಬಿಟ್ಕೊಳ್ಳತ್ತೆ ನೋಡಿ, ಆ ಎರಡು ಜಾಗದ ಮಧ್ಯದ ಅಂತರ ಟೇಪ್‌ನಲ್ಲಿ ಅಳೆಯೋದು. ಒಂದೇ ಉದ್ದದ ಎರಡು ಮಾಡೆಲ್‌ಗಳಲ್ಲಿ ಈ ಅಳತೆ ಎಷ್ಟು ಬೇರೆ ಬರತ್ತೆ ನೋಡಿ, ಆಗ ಉದ್ದದ ಚಾರ್ಟ್ ಮೇಲಿನ ನಂಬಿಕೆ ತಾನಾಗೇ ಕಮ್ಮಿ ಆಗತ್ತೆ.

ಅಗಲದ ವಿಷ್ಯದಲ್ಲೇ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು. ಸ್ಕೀ ಮೇಲೆ 128-90-114 ಥರ ಮೂರು ನಂಬರ್ ಇರತ್ತೆ, ಮುಂದೆ, ನಡುವೆ, ಹಿಂದೆ, ಎಲ್ಲಾ ಮಿಲಿಮೀಟರ್‌ನಲ್ಲಿ. ಬೂಟಿನ ಕೆಳಗೆ ಬರೋ ನಡುವಿನ ನಂಬರ್ರೇ ಮುಖ್ಯ, ಆಲ್-ಮೌಂಟನ್ ಅಂತ ಮಾರೋ ಸ್ಕೀಗಳಲ್ಲಿ ಅದು ಹೆಚ್ಚುಕಮ್ಮಿ 80ರಿಂದ 100ರೊಳಗೆ ಇರತ್ತೆ. ಅಗಲ ಜಾಸ್ತಿ ಆದಷ್ಟೂ ಮೆತ್ತನೆ ಹಿಮದಲ್ಲಿ ತೇಲೋದು ಚೆನ್ನಾಗಿರತ್ತೆ ನಿಜ, ಆದ್ರೆ ಎಡ್ಜ್ ಅನ್ನೋದು ಪಾದದ ನಡುವಿನಿಂದ ಅಷ್ಟು ಹೊರಗೆ ಹೋಗತ್ತೆ, ಗಟ್ಟಿ ಹಿಮದಲ್ಲಿ ಅದನ್ನ ವಾಲಿಸಿ ಹಿಡಿಯೋ ಹೊರೆ ಪಾದ ಮತ್ತು ಮಂಡಿ ಮೇಲೆ ಬೀಳತ್ತೆ, ಒಂದು ಎಡ್ಜ್‌ನಿಂದ ಇನ್ನೊಂದಕ್ಕೆ ಬದಲಾಯಿಸೋದೂ ನಿಧಾನ. ಇಲ್ಲಿ ಮತ್ತೆ ತೂಕ ಬರತ್ತೆ, 60 ಕೆಜಿಯವರನ್ನ ತೇಲಿಸೋ 88 ನನ್ನನ್ನ ಮುಳುಗಿಸತ್ತೆ. ಅದಕ್ಕೇ ಬೇರೆಯವರ ರಿವ್ಯೂ ಓದುವಾಗ ಬರೆದವರ ತೂಕ ಹೇಳಿಲ್ಲ ಅಂದ್ರೆ ನಾನು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಇನ್ನು ಜಾಗ. ನಾನು ಇಳಿಯೋ ಇಳಿಜಾರಲ್ಲಿ ಬೆಳಿಗ್ಗೆ ಮೆಷಿನ್ ಹೊಡೆದ ಗಟ್ಟಿ ಹಿಮ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕಲಸಿ ಗುಡ್ಡೆಗುಡ್ಡೆ, ಮಧ್ಯೆ ಇಕ್ಕಟ್ಟಾದ ಮರಗಳ ಸಾಲು. ತಾಜಾ ಹಿಮ ಬಿದ್ದ ದಿನ ಮನಸ್ಸು ಅಗಲದ ಸ್ಕೀ ಕಡೆ ಎಳೆಯತ್ತೆ, ಆದ್ರೆ ಅಂಥ ದಿನ ಕಮ್ಮಿ, ಉಳಿದದ್ದೆಲ್ಲಾ ತುಳಿದು ಗಟ್ಟಿಯಾಗಿದ್ದೇ. ಹಾಗಾಗಿ 98 ಬಿಟ್ಟು 90ಕ್ಕೆ ಬಂದೆ, ಮೆತ್ತನೆ ಹಿಮಕ್ಕೆ ಬೇಕಾದ ಸ್ವಲ್ಪ ತೇಲುವಿಕೆನ ಉದ್ದದಲ್ಲಿ ತಗೊಂಡೆ, ನನ್ನ ಎತ್ತರಕ್ಕಿಂತ 6 ಸೆಂ.ಮೀ. ಜಾಸ್ತಿ, 172. ಸುಮಾರು ಮಾಡೆಲ್‌ಗಳಲ್ಲಿ ಉದ್ದ ಹೆಚ್ಚಿದ ಹಾಗೆ ಸ್ಕೀ ಗಡಸೂ ಆಗತ್ತೆ, ಅದು ನನ್ನ ತೂಕಕ್ಕೆ ಬೇಕಾಗಿದ್ದೇ. ಒಳಗೆ ಟೈಟನಲ್ ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹದ ಪದರ ಪೂರ್ತಿ ಎರಡು ಇರೋದು ಬೇಡ ಅಂದ್ಕೊಂಡೆ, ಸ್ಪೀಡಲ್ಲಿ ಅದರ ಸ್ಥಿರತೆ ತುಂಬಾ ಚೆನ್ನ, ಆದ್ರೆ ಮರಗಳ ನಡುವೆ ಥಟ್ಟಂತ ತಿರುಗಿಸೋಕೆ ಭಾರ. ತಿರುವಿನ ರೇಡಿಯಸ್ (ಸ್ಕೀ ತಾನಾಗಿ ಎಷ್ಟು ದೊಡ್ಡ ತಿರುವು ತಗೊಳ್ಳತ್ತೆ ಅನ್ನೋ ಅಳತೆ) 16 ಮೀಟರ್ ಆಸುಪಾಸು ನೋಡ್ಕೊಂಡೆ, ಅದೂ ನಾನು ತಗೊಳ್ಳೋ ಉದ್ದಕ್ಕೆ ಕೊಟ್ಟಿದ್ದು, ಯಾಕಂದ್ರೆ ಉದ್ದ ಬದಲಾದ್ರೆ ರೇಡಿಯಸ್ಸೂ ಬದಲಾಗತ್ತೆ.

ಕೊಳ್ಳೋ ಮುಂಚೆ ಡೆಮೋ ಮಾಡ್ಲೇಬೇಕು. ಒಂದೇ ಮಾಡೆಲ್‌ನ ಎರಡು ಉದ್ದ, ಒಂದೇ ಇಳಿಜಾರು, ಒಂದರ ಹಿಂದೆ ಒಂದು. ಮೊದಲು ಎಡ್ಜ್ ಮೇಲೆ ಉಗುರು ಅಡ್ಡಕ್ಕೆ ಎಳೆದು ನೋಡಿ, ಉಗುರು ಕೆರೆದು ಪುಡಿ ಬರದಿದ್ರೆ ಮೊಂಡಾಗಿದೆ, ಅಂಥದ್ರಲ್ಲಿ ಹಿಡಿತ ಸಿಗದಿದ್ರೆ ತಪ್ಪು ಸ್ಕೀದಲ್ಲ. ಮಧ್ಯಾಹ್ನ ಹಿಮ ಕೆಟ್ಟ ಮೇಲೆ ಇನ್ನೊಂದ್ಸಲ ಇಳೀರಿ, ಬೆಳಿಗ್ಗೆ ಎಲ್ಲಾ ಸ್ಕೀನೂ ಚೆನ್ನಾಗೇ ಅನ್ಸತ್ತೆ.

ಇಷ್ಟೆಲ್ಲಾ ನೋಡೋಕೆ ಮುಂಚೆ ಬೂಟು ಕಾಲಿಗೆ ಸರಿಯಾಗಿರ್ಬೇಕು, ಬೂಟು ಸಡಿಲ ಇದ್ರೆ ಯಾವ ಸ್ಕೀನೂ ಮಾತು ಕೇಳಲ್ಲ. ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗ್ ಜೋಡಿಸುವಾಗ ನಿಮ್ಮ ಬೂಟಿನ ತಳ ಗ್ರಿಪ್‌ವಾಕ್ (ನಡೆಯೋಕೆ ಸುಲಭ ಆಗೋ ಹಾಗೆ ಮಾಡಿದ ತಳ) ಆಗಿದ್ರೆ ಬೈಂಡಿಂಗ್ ಅದಕ್ಕೆ ಹೊಂದತ್ತಾ ಕೇಳಿ. ಬ್ರೇಕ್ (ಕಳಚಿದ ಸ್ಕೀ ಜಾರಿ ಹೋಗದ ಹಾಗೆ ತಡೆಯೋ ಕಡ್ಡಿಗಳು) ಸ್ಕೀ ನಡುವಿನ ಅಗಲಕ್ಕಿಂತ ಕಿರಿದಾಗಿರಬಾರ್ದು, ಅದಕ್ಕಿಂತ 15 ಮಿ.ಮೀ. ಮೀರಿ ಅಗಲನೂ ಬೇಡ, ವಾಲಿದಾಗ ಹಿಮಕ್ಕೆ ತಾಗತ್ತೆ. ಡಿನ್ ಸೆಟ್ಟಿಂಗ್, ಅಂದ್ರೆ ಎಷ್ಟು ಬಲ ಬಿದ್ರೆ ಬೈಂಡಿಂಗ್ ಬೂಟನ್ನ ಬಿಡ್ಬೇಕು ಅನ್ನೋ ನಂಬರ್, ಅದನ್ನ ಮಾತ್ರ ಗೆಳೆಯರದ್ದು ನೋಡಿ ಹಾಕಿಸ್ಕೋಬೇಡಿ, ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಇಳಿಯೋ ರೀತಿ ಎಲ್ಲಾ ಇದ್ದದ್ದು ಇದ್ದ ಹಾಗೆ ಟೆಕ್ನಿಷಿಯನ್‌ಗೆ ಹೇಳಿ ಅವರ ಕೈಲೇ ಮಾಡಿಸಿ.