ಪ್ಯೂರಿಟನ್ ಪೂರ್ವಜರವರೆಗೆ ವಂಶಾವಳಿ ಹುಡುಕುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಈಗ ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮೊದಲಾದ ಈಶಾನ್ಯದ ರಾಜ್ಯಗಳು) ಕಡೆಯ ಸೊಸೆಯಂದಿರು, ಅಳಿಯಂದಿರು ಬಂದಿದ್ದಾರೆ. ಶಾಲೆಯಲ್ಲಿ ಮೊಮ್ಮಕ್ಕಳಿಗೆ ವಂಶವೃಕ್ಷ ಬರೆದು ತರಲು ಹೇಳಿದರೆ, 'ನಮ್ಮಮ್ಮನ ಕಡೆಯವರು ಪ್ಯೂರಿಟನ್ನರಂತೆ' ಎಂಬ ಮಾತು ಬಂದೇ ಬರುತ್ತದೆ. ಮನೆಮಂದಿ ಕಂಪ್ಯೂಟರ್ ಮುಂದೆ ಕೂತು ಒಂದೇ ಸಂಜೆಯಲ್ಲಿ 1630ಕ್ಕೆ ಜಿಗಿದುಬಿಡುತ್ತಾರೆ. ಹೀಗೆ ಜಿಗಿದು ಬರೆದ ವೃಕ್ಷಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವು 1800ರ ಆಸುಪಾಸಿನಲ್ಲೇ ಮುರಿದಿರುತ್ತವೆ. ಅಲ್ಲಿಂದ ಮೇಲಿರುವುದೆಲ್ಲ ಬೇರೆ ಯಾರದೋ ಮನೆತನ.

ಮೊದಲಿಗೆ, ಯಾರನ್ನು ಹುಡುಕುತ್ತಿದ್ದೀರಿ ಎಂಬುದು ಸ್ಪಷ್ಟವಾಗಲಿ. 1620ರಲ್ಲಿ 102 ಪ್ರಯಾಣಿಕರೊಂದಿಗೆ ಬಂದ ಮೇಫ್ಲವರ್ ಹಡಗಿನ ಪಿಲ್ಗ್ರಿಮ್‌ಗಳು ಪ್ಲಿಮತ್‌ನಲ್ಲಿ ನೆಲೆಸಿದರು. ಅವರು ಇಂಗ್ಲೆಂಡಿನ ಚರ್ಚನ್ನೇ ಬಿಟ್ಟು ಬಂದವರು. ಚರ್ಚಿನೊಳಗೇ ಇದ್ದು ಅದನ್ನು ಶುದ್ಧ ಮಾಡಬೇಕೆಂದಿದ್ದ ಪ್ಯೂರಿಟನ್ನರ ದೊಡ್ಡ ಗುಂಪು 1630ರಲ್ಲಿ ಜಾನ್ ವಿಂಥ್ರಪ್ ಜೊತೆ 11 ಹಡಗುಗಳಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂತು. 1640ರ ಹೊತ್ತಿಗೆ ನ್ಯೂ ಇಂಗ್ಲೆಂಡಿಗೆ ಬಂದವರು ಸುಮಾರು 20,000. ನಿಮಗೆ ಸಿಗುವ ಮೂಲಪುರುಷ ಬಹುತೇಕ ಈ ಹತ್ತು ವರ್ಷಗಳಲ್ಲಿ ಬಂದವನೇ ಆಗಿರುತ್ತಾನೆ.

ಹಂತ 1: ಇಂದಿನಿಂದ 1850ರವರೆಗೆ ಹಿಂದಕ್ಕೆ ನಡೆಯಿರಿ. ಜನನ-ಮರಣ ಪತ್ರ ಮತ್ತು ಜನಗಣತಿ ಸಾಕು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1890ರ ಗಣತಿಯ ಕಾಗದಗಳು 1921ರ ಬೆಂಕಿಯ ಪಾಲಾಗಿ ಬಹುತೇಕ ಉಳಿದಿಲ್ಲ, ಆ ಇಪ್ಪತ್ತು ವರ್ಷಗಳ ಕಂದಕಕ್ಕೆ ಬೇರೆ ದಾಖಲೆ ನೋಡಿ. ಈ ಹಂತ ಮುಗಿಯುವ ತನಕ ಯಾವ ಜಾಲತಾಣಕ್ಕೂ ಚಂದಾ ಕಟ್ಟಬೇಡಿ.

ಹಂತ 2: 1850ರಿಂದ 1780ರವರೆಗೆ. ಎಡವುವುದೆಲ್ಲ ಇಲ್ಲಿಯೇ.

1850ಕ್ಕಿಂತ ಹಿಂದಿನ ಜನಗಣತಿಯಲ್ಲಿ ಇರುವುದು ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ, ಮಕ್ಕಳು ವಯಸ್ಸಿನ ಅಂಕಣಗಳಲ್ಲಿ ಬರೀ ಸಂಖ್ಯೆಗಳು. ಇದೇ ಕಾಲದಲ್ಲಿ ರೈತ ಕುಟುಂಬಗಳು ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಬಿಟ್ಟು ವರ್ಮಾಂಟ್, ಪಶ್ಚಿಮ ನ್ಯೂಯಾರ್ಕ್, ಒಹಾಯೊ ಕಡೆ ಹೊರಟವು. ನ್ಯೂಯಾರ್ಕ್ ರಾಜ್ಯದಲ್ಲಿ 1880ರವರೆಗೂ ಜನನ-ಮರಣಗಳ ಕ್ರಮವಾದ ನೋಂದಣಿ ಇರಲಿಲ್ಲ. 1820ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಸ್ಯಾಮ್ಯುಯೆಲ್ ಇದ್ದಾನೆ, 1788ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಅದೇ ಮನೆತನದ ಹೆಸರಿನ ಸ್ಯಾಮ್ಯುಯೆಲ್ ಹುಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ಜನ ಇಬ್ಬರನ್ನೂ ಜೋಡಿಸಿ ಮುಂದೆ ಹೋಗುತ್ತಾರೆ. ಹೆಸರು ಒಂದೇ ಆದ ಮಾತ್ರಕ್ಕೆ ಆಳು ಒಬ್ಬನೇ ಆಗುವುದಿಲ್ಲ.

ಮೊದಲು ಮ್ಯಾಸಚೂಸೆಟ್ಸಿನ ಆ ಹುಡುಗ ಮುಂದೇನಾದ ಎಂದು ನೋಡಿ. ಎಳವೆಯಲ್ಲೇ ತೀರಿಕೊಂಡಿದ್ದರೆ, ಅಥವಾ ಅದೇ ಊರಿನಲ್ಲಿ ಮುದುಕನಾಗಿ ಸತ್ತಿದ್ದರೆ ನಿಮ್ಮವನಲ್ಲ. ಆಮೇಲೆ ಅವನ ತಂದೆಯ ಉಯಿಲು ಹುಡುಕಿ. ಉಯಿಲಿಲ್ಲದೆ ಸತ್ತಿದ್ದರೆ ಆಸ್ತಿ ಪಾಲು ಮಾಡಿದ ಕೋರ್ಟ್ ಕಾಗದವಿರುತ್ತದೆ. ಮಕ್ಕಳು ಅಪ್ರಾಪ್ತರಾಗಿದ್ದರೆ ಪೋಷಕರ ನೇಮಕದ ಆದೇಶವೂ ಸಿಗಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವುದು ಜಮೀನಿನ ಕ್ರಯಪತ್ರ. ಸತ್ತ ತಂದೆಯ ಹೊಲದಲ್ಲಿ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಮಾರುವಾಗ ಮಗ ತಾನು ಈಗ ಯಾವ ರಾಜ್ಯದ ಯಾವ ಕೌಂಟಿಯಲ್ಲಿದ್ದೇನೆ ಎಂದು ಬರೆಸಿರುತ್ತಾನೆ. ಆ ಒಂದು ಸಾಲು ಎರಡೂ ಊರುಗಳನ್ನು ಕಟ್ಟಿಹಾಕುತ್ತದೆ.

ಪೂರ್ವಜರಲ್ಲಿ ಯಾರಾದರೂ ಬ್ರಿಟನ್ ವಿರುದ್ಧದ ಕ್ರಾಂತಿಯುದ್ಧದಲ್ಲಿ ಹೋರಾಡಿದ್ದರೆ ಪಿಂಚಣಿ ಕಡತ ಬಿಡಲೇಬೇಡಿ. 1832ರ ಕಾಯಿದೆಯಡಿ ಅರ್ಜಿ ಹಾಕಿದ ಮುದುಕರು ಕೋರ್ಟಿನಲ್ಲಿ ನಿಂತು ಎಲ್ಲಿ ಹುಟ್ಟಿದೆ, ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿ ಬಾಳಿದೆ ಎಂದು ಹೇಳಿಕೆ ಕೊಡಬೇಕಿತ್ತು. 1836ರ ನಂತರ ವಿಧವೆಯರು ಮದುವೆಗೆ ಪುರಾವೆ ತೋರಿಸಬೇಕಾಯಿತು. ಬೇರೆ ಕಾಗದವಿಲ್ಲದ ಕೆಲವರು ಮನೆಯ ಬೈಬಲ್ಲಿನಿಂದ ಮಕ್ಕಳ ಹುಟ್ಟಿದ ದಿನ ಬರೆದಿದ್ದ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಆ ಹಾಳೆಗಳು ಇಂದಿಗೂ ಕಡತದಲ್ಲಿವೆ. ಸೂಚಿಪತ್ರದಲ್ಲಿ ಹೆಸರು ಕಂಡಿತೆಂದು ನಿಲ್ಲಬೇಡಿ, ಕಡತದ ಪ್ರತಿ ಪುಟ ತಿರುವಿ.

ಏನೂ ಸಿಗದಿದ್ದರೆ ಅಕ್ಕಪಕ್ಕದ ಮನೆಗಳನ್ನು ಹುಡುಕಿ. ಊರು ಬಿಟ್ಟವರು ಒಬ್ಬೊಬ್ಬರೇ ಹೋಗುತ್ತಿರಲಿಲ್ಲ, ನೆಂಟರಿಷ್ಟರ ಜೊತೆ ಹೋಗುತ್ತಿದ್ದರು. ಹೆಣ್ಣುಮಕ್ಕಳ ತವರು ಗೊತ್ತಾಗುವುದೂ ಹೆಚ್ಚಾಗಿ ನೆರೆಮನೆಯವನ ಉಯಿಲಿನಲ್ಲಿಯೇ.

ಆನ್‌ಲೈನಿನಲ್ಲಿ ಬೇರೆಯವರು ಏರಿಸಿರುವ ವೃಕ್ಷಗಳನ್ನು ಪುರಾವೆಯೆಂದು ತೆಗೆದುಕೊಳ್ಳಬೇಡಿ. ಐವತ್ತು ಜನ ಒಂದೇ ಹೆಸರು ಬರೆದಿದ್ದಾರೆಂದರೆ ಒಬ್ಬನದನ್ನು ನಲವತ್ತೊಂಬತ್ತು ಜನ ನಕಲು ಮಾಡಿದ್ದಾರೆಂದು ತಿಳಿಯಿರಿ. ಮನೆತನದ ಹೆಸರಿನ ಲಾಂಛನಕ್ಕೆ ಚೌಕಟ್ಟು ಹಾಕಿ ಮಾರುವವರಿಗೆ ದುಡ್ಡು ಕೊಡಬೇಡಿ. ಲಾಂಛನ ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಹೆಸರಿಗಲ್ಲ. ಡಿಎನ್‌ಎ ಪರೀಕ್ಷೆ ಹತ್ತಿರದ ನೆಂಟರನ್ನು ತೋರಿಸಬಲ್ಲದು. ಹತ್ತು ತಲೆಮಾರು ಹಿಂದೆ ಪೂರ್ವಜರ 1,024 ಸ್ಥಾನಗಳಿವೆ, ಅವರಲ್ಲಿ ಅನೇಕರ ಅಂಶ ನಿಮ್ಮೊಳಗೆ ಉಳಿದೇ ಇರುವುದಿಲ್ಲ.

ಹಂತ 3: 1780ರಿಂದ 1640ರವರೆಗೆ. ಮ್ಯಾಸಚೂಸೆಟ್ಸಿನ ಅನೇಕ ಊರುಗಳ 1850ರವರೆಗಿನ ಜನನ, ಮದುವೆ, ಮರಣಗಳು ಅಚ್ಚಾಗಿವೆ. ಕನೆಕ್ಟಿಕಟ್‌ಗೆ ಇಂಥದೇ ದಾಖಲೆಗಳ ಬಾರ್ಬರ್ ಸಂಗ್ರಹವಿದೆ. ದಿನಾಂಕಗಳಲ್ಲಿ ಮಾತ್ರ ಎಚ್ಚರ. 1752ಕ್ಕಿಂತ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, 'ಮೊದಲ ತಿಂಗಳು' ಎಂದರೆ ಮಾರ್ಚ್. ಮೇ 1640ರಲ್ಲಿ ಮದುವೆ, 'ಹನ್ನೆರಡನೇ ತಿಂಗಳು 1640'ರಲ್ಲಿ ಮಗು ಎಂದಿದ್ದರೆ ಆ ಮಗು ಹುಟ್ಟಿದ್ದು ನಮ್ಮ ಲೆಕ್ಕದ ಫೆಬ್ರವರಿ 1641ರಲ್ಲಿ. 'ಜೂನಿಯರ್' ಎಂದರೆ ಮಗನೇ ಆಗಬೇಕಿಲ್ಲ, ಅದೇ ಊರಿನಲ್ಲಿ ಅದೇ ಹೆಸರಿನ ಕಿರಿಯನೂ ಇರಬಹುದು.

ಹಂತ 4: ಹಡಗಿಳಿದವನು. ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ನೇತೃತ್ವದ ಗ್ರೇಟ್ ಮೈಗ್ರೇಶನ್ (ಮೇಲೆ ಹೇಳಿದ ಆ ದೊಡ್ಡ ವಲಸೆ) ಅಧ್ಯಯನ ಯೋಜನೆಯ ಸಂಪುಟಗಳನ್ನು ನೋಡಿ. ಬಾಸ್ಟನ್ನಿನಲ್ಲಿ 1845ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ವಂಶಾವಳಿ ಸೊಸೈಟಿ ಅವನ್ನು ಪ್ರಕಟಿಸಿದೆ. ಹಳೆಯ ಕುಟುಂಬ ಚರಿತ್ರೆಗಳಿಗೆ ಕೈಹಾಕುವ ಮುನ್ನ ಬರೆದವರ ಹೆಸರು ನೋಡಿ. ಗುಸ್ತಾವ್ ಆಂಜೂ ಎಂಬಾತ ದುಡ್ಡಿಗೆ ವಂಶಾವಳಿಗಳನ್ನು ಹೊಸೆದು ಮಾರುತ್ತಿದ್ದ, ಅವು ಇನ್ನೂ ಚಲಾವಣೆಯಲ್ಲಿವೆ.

ಇಂಗ್ಲೆಂಡಿನ ಊರು ಅಲ್ಲಿ ಸಿಗದಿದ್ದರೆ ಜಾಗ ಖಾಲಿ ಬಿಡಿ. ಸಿಕ್ಕರೆ 1538ರಿಂದ ಇಡತೊಡಗಿದ ಪ್ಯಾರಿಷ್ (ಊರಿನ ಚರ್ಚಿನ) ದಾಖಲೆಗಳಲ್ಲಿ ಅವನ ದೀಕ್ಷಾಸ್ನಾನ ಹುಡುಕಿ. ಅದರ ಜೊತೆಗೆ ಇಂಗ್ಲೆಂಡಿನಲ್ಲೇ ಉಳಿದ ಅಣ್ಣನೋ ಚಿಕ್ಕಪ್ಪನೋ ತನ್ನ ಉಯಿಲಿನಲ್ಲಿ 'ನ್ಯೂ ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ' ಎಂದು ಬರೆದಿರುವುದು ಕಂಡರೆ ಮಾತ್ರ ಆ ಹೆಸರನ್ನು ಪೆನ್ನಿನಲ್ಲಿ ಬರೆಯಿರಿ.