‘ಕಾಫಿರ’ ಪದಕ್ಕೆ ಅರ್ಥ ಬರೆಯುವಾಗ

ಕೃಷಿ ಇಲಾಖೆಯಿಂದ ನಿವೃತ್ತನಾಗಿ ವಿರಾಜಪೇಟೆಗೆ ಹಿಂತಿರುಗಿದ ಮೇಲೆ, ಪರಿಚಯದ ಇಬ್ಬರು ಕನ್ನಡ ಅಧ್ಯಾಪಕರು ಸಿದ್ಧಪಡಿಸುತ್ತಿದ್ದ ಅನ್ಯದೇಶ್ಯ ಪದಗಳ ಚಿಕ್ಕ ಕೋಶಕ್ಕೆ ನಾನೂ ಕೈಜೋಡಿಸಿದೆ. ಹಂಚಿಕೆಯಲ್ಲಿ ‘ಕ’ಕಾರ ನನ್ನ ಪಾಲಿಗೆ ಬಂತು. ಕಚೇರಿ, ಕಾಗದ, ಕಾನೂನು, ಕಿಸ್ತು ಮುಂತಾದ ಪದಗಳಿಗೆ ಅರ್ಥ ಬರೆಯಲು ತಡವಾಗಲಿಲ್ಲ. ಸರ್ಕಾರಿ ಕಡತಗಳ ನಡುವೆಯೇ ಆಯುಷ್ಯ ಕಳೆದವನಿಗೆ ಅವು ಮನೆಮಾತು. ‘ಕಾಫಿ’ಯ ಚೀಟಿ ಮುಗಿಸಿ ಮುಂದಿನದನ್ನು ಎತ್ತಿಕೊಂಡಾಗ ಅದರಲ್ಲಿ ‘ಕಾಫಿರ’ ಎಂದಿತ್ತು. ಹೆಚ್ಚು ಯೋಚಿಸದೆ ‘ನಾಸ್ತಿಕ, ಮ್ಲೇಚ್ಛ, ಒಂದು ಬೈಗುಳ’ ಎಂದು ಬರೆದು ಬದಿಗಿಟ್ಟೆ. ಆ ಒಂದು ಸಾಲನ್ನು ಸರಿಪಡಿಸಲು ನನಗೆ ಸುಮಾರು ಎರಡು ತಿಂಗಳು ಹಿಡಿಯಿತು.

ಅಕ್ಕಪಕ್ಕದಲ್ಲಿ ಕುಳಿತ ಈ ಎರಡು ಪದಗಳಿಗೆ ಸಂಬಂಧವಿಲ್ಲವೆಂಬುದನ್ನು ಕಾಫಿ ಬೆಳೆಯುವ ನಾಡಿನಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಫಿ ಅರಬ್ಬಿಯ ‘ಕಹ್ವಾ’ದಿಂದ ತುರ್ಕಿ ಮತ್ತು ಯೂರೋಪಿನ ಭಾಷೆಗಳನ್ನು ಸುತ್ತಿ ನಮಗೆ ಬಂದದ್ದು. ಕಾಫಿರದ ಬೇರು ‘ಕ-ಫ-ರ’ ಎಂಬ ಮೂರು ವ್ಯಂಜನಗಳ ಬೇರೊಂದು ಧಾತು.

ಮೊದಲ ತಪ್ಪು ‘ನಾಸ್ತಿಕ’ ಎಂಬುದರಲ್ಲಿತ್ತು. ದೇವರಿಲ್ಲವೆನ್ನುವವನು ನಾಸ್ತಿಕ, ವೇದಪ್ರಾಮಾಣ್ಯವನ್ನು ಒಪ್ಪದವನೂ ನಾಸ್ತಿಕ. ಪ್ರವಾದಿಯ ಕಾಲದ ಮೆಕ್ಕಾದಲ್ಲಿ ಕಾಫಿರರೆಂಬ ಹೆಸರು ಪಡೆದವರಾದರೋ ಹಲವು ದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುತ್ತಿದ್ದವರು. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಪಕ್ಕದ ಊರಿನ ಮದರಸಾದಲ್ಲಿ ಪಾಠ ಹೇಳುವ ಉಸ್ತಾದರು. ಈ ಪದವನ್ನು ಹಿಡಿದು ಅವರ ಬಳಿಗೆ ಹೋಗುವುದಕ್ಕೆ ನನಗೆ ಸಂಕೋಚವಿತ್ತು. ನಮ್ಮ ಜಿಲ್ಲೆಯಲ್ಲಿ ಇಂಥ ಪದವನ್ನು ಎತ್ತಿದರೆ ಮಾತು ಹತ್ತು ನಿಮಿಷದೊಳಗೆ ಹದಿನೆಂಟನೆಯ ಶತಮಾನಕ್ಕೆ ಹೋಗಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಅದು ಜನವರಿಯ ಒಂದು ಬೆಳಿಗ್ಗೆ. ಕಾಫಿ ಸಸಿಗಳನ್ನು ಕೇಳಲು ಉಸ್ತಾದರೇ ನಮ್ಮ ತೋಟಕ್ಕೆ ಬಂದಿದ್ದರು. ನರ್ಸರಿಯಲ್ಲಿ ಇಬ್ಬರು ಹೆಂಗಸರು ಏರುಮಡಿಯ ಮೇಲೆ ಕಾಫಿ ಬೀಜಗಳನ್ನು ಒಂದೊಂದಾಗಿ, ಚಪ್ಪಟೆ ಮಗ್ಗುಲು ಕೆಳಗಾಗುವಂತೆ ಸಾಲು ಹಿಡಿದು ಇಡುತ್ತಿದ್ದರು; ಅವರ ಹಿಂದೆ ಮತ್ತೊಬ್ಬಳು ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಉದುರಿಸಿ, ಅದರ ಮೇಲೆ ಬತ್ತದ ಹುಲ್ಲು ಹೊದಿಸುತ್ತಿದ್ದಳು. ನಾನು ಚೀಟಿಯ ವಿಷಯ ಪ್ರಸ್ತಾಪಿಸಿದಾಗ ಅವರು ಮಡಿಯ ಕಡೆ ಕೈ ತೋರಿಸಿ, “ಸಾರ್, ಹಳೆಯ ಅರಬ್ಬಿ ಲೆಕ್ಕದಲ್ಲಿ ಆ ಮಣ್ಣು ಮುಚ್ಚುತ್ತಿರುವವರೂ ಕಾಫಿರರೇ, ನರ್ಸರಿ ಇಟ್ಟುಕೊಂಡಿರುವ ನೀವೂ ಕಾಫಿರರೇ” ಎಂದು ನಕ್ಕರು. ‘ಕ-ಫ-ರ’ ಎಂದರೆ ಮುಚ್ಚು, ಮರೆಮಾಡು ಎಂದರ್ಥ. ಬೀಜವನ್ನು ಮಣ್ಣಿನಿಂದ ಮುಚ್ಚುವ ಬೇಸಾಯಗಾರನಿಗೂ ಆ ಹೆಸರು ಸಲ್ಲುತ್ತಿತ್ತು. ಕುರ್‌ಆನಿನ 57ನೆಯ ಅಧ್ಯಾಯವಾದ ಅಲ್-ಹದೀದ್‌ನ 20ನೆಯ ವಚನವು ಲೌಕಿಕ ಬದುಕನ್ನು ಮಳೆಗೆ ಚಿಗುರಿ, ಕಂಡವರ ಕಣ್ಣು ತಣಿಸಿ, ಆಮೇಲೆ ಹಳದಿಯಾಗಿ ಒಣಗಿಹೋಗುವ ಪೈರಿಗೆ ಹೋಲಿಸುತ್ತದೆ. ಆ ಪೈರನ್ನು ನೋಡಿ ಸಂತೋಷಪಡುವವರಿಗೆ ಅಲ್ಲಿ ಬಳಸಿರುವ ಪದ ‘ಕುಫ್ಫಾರ್’, ಅಂದರೆ ಕಾಫಿರದ ಬಹುವಚನ. ಅದನ್ನು ಬೇಸಾಯಗಾರರೆಂದೇ ಅರ್ಥೈಸಿದ ವ್ಯಾಖ್ಯಾನಕಾರರು ಅನೇಕರಿದ್ದಾರೆ. ಮೂವತ್ತು ವರ್ಷ ರೈತರ ನಡುವೆ ದುಡಿದ ನನಗೆ ಇದು ತಿಳಿದಿರಲಿಲ್ಲ.

ಅಂದಿನಿಂದ ಚೀಟಿ ಬೆಳೆಯತೊಡಗಿತು. ಇಸ್ಲಾಮಿಗೆ ಮೊದಲೇ ಹೆಸರು ಮಾಡಿದ್ದ ಕವಿ ಲಬೀದನ ಪ್ರಸಿದ್ಧ ಕವಿತೆಯಲ್ಲಿ ‘ಕಾಫಿರ್’ ಎಂದರೆ ಎಲ್ಲವನ್ನೂ ಮುಚ್ಚುವ ಇರುಳು. ಮುಳುಗುವ ಸೂರ್ಯ ಅದರೊಳಗೆ ಕೈಯಿಡುತ್ತಾನೆ. ಧರ್ಮದ ಪರಿಭಾಷೆಗೆ ಬಂದಾಗ ಮುಚ್ಚುವುದು ಸತ್ಯವನ್ನು ಮರೆಮಾಡುವುದಾಯಿತು. ಉಪಕಾರವನ್ನು ಮರೆಮಾಡುವುದೂ ಆಯಿತು. ಕೃತಜ್ಞತೆಯಾದ ‘ಶುಕ್ರ್’ಗೆ ಎದುರಾಗಿ ‘ಕುಫ್ರ್’ ನಿಂತಾಗ ಅದಕ್ಕೆ ಸರಿಯಾದ ಕನ್ನಡ ‘ಕೃತಘ್ನತೆ’ಯೇ ಹೊರತು ‘ನಾಸ್ತಿಕತೆ’ಯಲ್ಲ. ತಪ್ಪನ್ನು ಮುಚ್ಚಿ ತೊಡೆಯುವ ಪ್ರಾಯಶ್ಚಿತ್ತ ‘ಕಫ್ಫಾರಾ’ ಇದೇ ಧಾತುವಿನದು. ಯೆಹೂದಿಗಳ ಪ್ರಾಯಶ್ಚಿತ್ತದ ದಿನ ‘ಯೋಮ್ ಕಿಪ್ಪುರ್’ ಎಂಬಲ್ಲಿರುವ ಹೀಬ್ರೂ ಪದ ಅದರ ದಾಯಾದಿ. ‘ಅಲ್-ಕಾಫಿರೂನ್’ ಎಂಬ ಹೆಸರಿನದೇ ಆದ 109ನೆಯ ಅಧ್ಯಾಯದಲ್ಲಿರುವುದು ಆರು ವಚನಗಳು. ಕೊನೆಯದು ನಿಮಗೆ ನಿಮ್ಮ ಧರ್ಮ, ನನಗೆ ನನ್ನದು ಎನ್ನುತ್ತದೆ.

ಪದ ಹೊರನಾಡುಗಳಿಗೆ ಹೋದದ್ದು ಎರಡು ದಾರಿಯಲ್ಲಿ. ನೆಲದ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾರಸಿಯ ಮೂಲಕ ಅದು ಉರ್ದುವಿಗೂ, ಉರ್ದು ಮತ್ತು ಹಿಂದುಸ್ತಾನಿಯ ಮೂಲಕ ಕನ್ನಡಕ್ಕೂ ಬಂತು. ಪಾರಸಿ, ಉರ್ದು ಗಜಲುಗಳಲ್ಲಿ ಅದು ನಿಷ್ಕರುಣಿಯಾದ ಪ್ರಿಯತಮೆಯ ಹೆಸರೂ ಆಗಿ, ಗಾಲಿಬನಂಥವರ ಕೈಯಲ್ಲಿ ಬೈಗುಳ ಮುದ್ದಿನ ಮಾತಾಯಿತು. ತುರ್ಕಿಯ ‘ಗಾವುರ್’ ಇದರದೇ ರೂಪವೋ, ಅಗ್ನಿಪೂಜಕರನ್ನು ಸೂಚಿಸುವ ಪಾರಸಿಯ ‘ಗಬ್ರ್’ ಪದದ್ದೋ ಎಂಬ ಚರ್ಚೆ ಮುಗಿದಿಲ್ಲ. ಹಿಂದೂಕುಶದ ಕಣಿವೆಗಳಲ್ಲಿ ತಮ್ಮದೇ ದೇವತೆಗಳನ್ನು ಪೂಜಿಸುತ್ತಿದ್ದವರ ನಾಡನ್ನು ನೆರೆಯವರು ಕಾಫಿರಿಸ್ತಾನ ಎಂದರು. ಅಫಘಾನಿಸ್ತಾನದ ಅಮೀರ ಅಬ್ದುರ್ ರಹಮಾನ್ 1895-96ರಲ್ಲಿ ಅದನ್ನು ಗೆದ್ದು ಜನರನ್ನು ಮತಾಂತರಿಸಿದ ಬಳಿಕ ಅದು ‘ಬೆಳಕಿನ ನಾಡು’ ಎಂಬರ್ಥದ ನೂರಿಸ್ತಾನವಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಕಡಲ ದಾರಿ. ಪೂರ್ವ ಆಫ್ರಿಕದ ಕರಾವಳಿಯ ಮುಸ್ಲಿಂ ವರ್ತಕರು ಒಳನಾಡಿನ ಮುಸ್ಲಿಮೇತರ ಆಫ್ರಿಕನ್ನರನ್ನು ಕಾಫಿರರೆನ್ನುತ್ತಿದ್ದರು. ಪೋರ್ಚುಗೀಸರು ಅದನ್ನು ಕೇಳಿ ‘ಕಾಫ್ರೆ’ ಮಾಡಿಕೊಂಡರು. ಆ ವರ್ತಕರ ಎಣಿಕೆಯಲ್ಲಿ ತಾವೂ ಕಾಫಿರರೇ ಎಂಬುದು ಅವರ ತಲೆಗೆ ಹೋದಂತೆ ಕಾಣುವುದಿಲ್ಲ. ಹೀಗೆ ಧರ್ಮದ ಪದ ಮೈಬಣ್ಣದ ಪದವಾಯಿತು. ಪೋರ್ಚುಗೀಸರ ಕಾಲದಿಂದ ಶ್ರೀಲಂಕೆಗೆ ಒಯ್ಯಲ್ಪಟ್ಟ ಆಫ್ರಿಕನ್ನರ ಸಂತತಿಯವರು ಪುತ್ತಲಂ ಕಡೆ ಇಂದಿಗೂ ಆ ಹೆಸರನ್ನು ತಮ್ಮದೆಂದೇ ಹೇಳಿಕೊಳ್ಳುತ್ತಾರೆ. ಕೊಂಕಣಿಯಲ್ಲಿ ಅದು ‘ಖಾಪ್ರಿ’. ನಮ್ಮದೇ ರಾಜ್ಯದ ಕಾರವಾರದ ಕೋಡಿಬಾಗದಲ್ಲಿ ಆಫ್ರಿಕದಿಂದ ಬಂದವನೆಂದು ಜನ ನಂಬುವ ಖಾಪ್ರಿ ದೇವರಿದ್ದಾನೆ, ಅವನಿಗೆ ಸಿಗರೇಟು ಮತ್ತು ಸಾರಾಯಿಯ ಹರಕೆ ಸಲ್ಲುತ್ತದೆ. ದೇವರನ್ನು ನಂಬದವನ ಹೆಸರನ್ನು ಒಬ್ಬ ದೇವರೇ ಹೊತ್ತುಕೊಂಡಿರುವುದನ್ನು ಉಸ್ತಾದರಿಗೆ ಹೇಳಿದಾಗ ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು.

ದಕ್ಷಿಣ ಆಫ್ರಿಕದಲ್ಲಿ ಮಾತ್ರ ಈ ಕಥೆಗೆ ನಗು ಇಲ್ಲ. ಅಲ್ಲಿನ ಶೋಸಾ ಜನರ ಮೇಲೆ 1779ರಿಂದ 1879ರವರೆಗೆ ವಸಾಹತುಗಾರರು ನಡೆಸಿದ ಯುದ್ಧಗಳಿಗೆ ಹಳೆಯ ಚರಿತ್ರೆಗಳು ಈ ಪದವನ್ನೇ ಹೆಸರಾಗಿಟ್ಟವು. ವರ್ಣಭೇದದ ಆಡಳಿತದಲ್ಲಿ ಅದು ಕರಿಯರ ಮುಖದ ಮೇಲೆ ದಿನನಿತ್ಯ ಎಸೆಯುವ ಮಾತಾಯಿತು. ಈಗ ಪತ್ರಿಕೆಗಳು ಅದನ್ನು ಪೂರ್ತಿ ಮುದ್ರಿಸದೆ ಮೊದಲ ಅಕ್ಷರದಿಂದ ಸೂಚಿಸುತ್ತವೆ. 2018ರಲ್ಲಿ, ಪೊಲೀಸರನ್ನು ಇದೇ ಮಾತಿನಿಂದ ಬೈದ ಮಹಿಳೆಯೊಬ್ಬಳಿಗೆ ಅಲ್ಲಿನ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು.

ಇದನ್ನು ಓದುತ್ತಿದ್ದಾಗ ನನ್ನ ಕಾಲೇಜಿನ ಟಿಪ್ಪಣಿ ಪುಸ್ತಕ ನೆನಪಾಯಿತು. ಜೋಳದ ಐದು ಮುಖ್ಯ ಪ್ರಭೇದಗಳಲ್ಲಿ ದಕ್ಷಿಣ ಆಫ್ರಿಕದ್ದಕ್ಕೆ ‘ಕಾಫಿರ್’ ಎಂದು ಹೆಸರು. 1964ರಲ್ಲಿ ಬಂದ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್-1ರ ಹೆಣ್ಣು ತಳಿ ‘ಕಂಬೈನ್ ಕಾಫಿರ್ 60’. ಸೇವೆಯ ಮೊದಲ ವರ್ಷಗಳಲ್ಲಿ ಬಯಲುಸೀಮೆಯ ರೈತರ ಮುಂದೆ ನಾನು ಎಷ್ಟೋ ಸಲ ಹೇಳಿದ ಹೆಸರು ಅದು. ಅದರೊಳಗೆ ಏನಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಉಳಿದದ್ದು ಕನ್ನಡದಲ್ಲಿ ಅರ್ಥ ಕೊಡುವ ಕೆಲಸ. ‘ಮ್ಲೇಚ್ಛ’ವನ್ನು ಹೊಡೆದುಹಾಕಿದೆ, ಅದು ಮೂಲದಲ್ಲಿ ತಿಳಿಯದ ಮಾತಾಡುವ ಪರಕೀಯನನ್ನು ಕುರಿತದ್ದು. ‘ಪಾಷಂಡ’ ಸ್ವಲ್ಪ ಹತ್ತಿರ ಬಂದಿತಾದರೂ, ಅಶೋಕನ ಶಾಸನಗಳಲ್ಲಿ ಎಲ್ಲ ಪಂಥಗಳಿಗೂ ಸಲ್ಲುತ್ತಿದ್ದ ಆ ಪದ ಆಮೇಲೆ ನಿಂದೆಯಾದ ಕಥೆ ಬೇರೆ. ಶರಣರು ಲಿಂಗದೀಕ್ಷೆಯಿಲ್ಲದವನಿಗೆ ಹೇಳುವ ‘ಭವಿ’ಯನ್ನು ಹೋಲಿಕೆಗೆಂದು ಸೇರಿಸಲು ನನಗೆ ಆಸೆಯಿತ್ತು; ಅಧ್ಯಾಪಕರು ಒಪ್ಪಲಿಲ್ಲ, ಅವರ ಮಾತು ಸರಿಯೆಂದು ಈಗ ಅನ್ನಿಸುತ್ತದೆ. ಕುರ್‌ಆನಿನ ಕನ್ನಡ ಅನುವಾದಗಳಲ್ಲಿ ಬಳಕೆಯಾಗಿರುವ ‘ಸತ್ಯನಿಷೇಧಿ’, ‘ಧಿಕ್ಕಾರಿ’ ಎಂಬವನ್ನು ಮೊದಲ ಅರ್ಥದ ಕೆಳಗೆ ಕೊಟ್ಟೆ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಅರ್ಥದ ಎದುರಿಗೆ ಅದನ್ನು ಯಾರು ಯಾರನ್ನು ಕುರಿತು ಹೇಳುತ್ತಿದ್ದರು ಎಂಬುದನ್ನು ಬರೆದೆ, ಏಕೆಂದರೆ ಅದಿಲ್ಲದೆ ಈ ಪದಕ್ಕೆ ಅರ್ಥವೇ ನಿಲ್ಲುವುದಿಲ್ಲ. ಕೊನೆಯ ಸಾಲು ಉಸ್ತಾದರು ಸೂಚಿಸಿದ್ದು: 2019ರಲ್ಲಿ ಇಂಡೋನೇಷ್ಯದ ನಹ್ದತುಲ್ ಉಲಮಾ ಎಂಬ ದೊಡ್ಡ ಮುಸ್ಲಿಂ ಸಂಘಟನೆ, ದೇಶದ ಮುಸ್ಲಿಮೇತರ ಪ್ರಜೆಗಳನ್ನು ಕಾಫಿರರೆನ್ನದೆ ನಾಗರಿಕರೆಂದೇ ಕರೆಯಬೇಕೆಂದು ತೀರ್ಮಾನಿಸಿತು.

ಕರಡಚ್ಚು ಬಂದಾಗ ಅರ್ಧ ಪುಟ ತುಂಬಿದ್ದ ನನ್ನ ಟಿಪ್ಪಣಿಯಲ್ಲಿ ಒಂದೇ ತಪ್ಪು ಉಳಿದಿತ್ತು. ಡಿಟಿಪಿ ಮಾಡಿದ ಹುಡುಗ ‘ಕಾಫಿರ್ ಜೋಳ’ವನ್ನು ನನ್ನ ಕೈತಪ್ಪೆಂದು ಭಾವಿಸಿ ‘ಕಾಫಿ ಜೋಳ’ ಎಂದು ತಿದ್ದಿದ್ದ. ಅದನ್ನು ನಾನು ನೋಡುವ ಮೊದಲೇ ಇನ್ನೊಂದು ಪ್ರತಿ ಸೋಮವಾರಪೇಟೆಯ ಬೆಳೆಗಾರ ಮಿತ್ರರೊಬ್ಬರ ಕೈಸೇರಿತ್ತು. ಅವರು ರಾತ್ರಿಯೇ ಫೋನ್ ಮಾಡಿ, ಅದನ್ನು ರೊಬಸ್ಟಾ ಗಿಡಗಳ ನಡುವೆ ಹಾಕಬಹುದೇ, ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದರು.