ಉಪವಾಸ ಕೆಡವಿದ ಯೀಸ್ಟ್

ಮುದ್ದೆ ತೊಳಸುವಾಗ ಕೈ ತಡೆದರೆ ಹಿಟ್ಟು ಗಂಟಾಗುತ್ತದೆ. ಜೀವಕೋಶದ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದಿದ್ದರೂ ಹೀಗೇ. ಗಂಟಾಗದ ಬಿಡಿ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಕೋಶದ ಕತ್ತರಿ ಎಳೆ ಬಿಚ್ಚಿ ಕತ್ತರಿಸುತ್ತದೆ. ಅದರ ಬಾಯಿ ಕಿರಿದು, ಗಂಟು ತೂರುವುದಿಲ್ಲ. ಗಂಟನ್ನು ಪೊರೆಯಲ್ಲಿ ಸುತ್ತಿ ಕರಗಿಸುವುದು ಆಟೋಫೇಜಿ. ವಯಸ್ಸಾದಂತೆ ಆ ಕೆಲಸ ನಿಧಾನವಾಗುತ್ತದೆ. ತುಮಕೂರಿನ ನಮ್ಮ ಕಾಲೇಜಿನಲ್ಲಿ ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ತೋರಿಸಿ ಅಂದರೆ? ಇದ್ದದ್ದು ಸಾಧಾರಣ ಮೈಕ್ರೋಸ್ಕೋಪು, ಬೇಕರಿಯಿಂದ ತಂದ ಯೀಸ್ಟು.

ಜಪಾನಿನ ಜೀವವಿಜ್ಞಾನಿ ಯೋಶಿನೋರಿ ಓಸುಮಿ 1988ರಲ್ಲಿ ಟೋಕಿಯೋದಲ್ಲಿ ಸ್ವಂತ ಲ್ಯಾಬ್ ಶುರುಮಾಡಿದಾಗ ಹಿಡಿದದ್ದೂ ಯೀಸ್ಟನ್ನೇ. ಕಸ ಬಂದ ಹಾಗೇ ಕರಗುವುದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಹಸಿದ ಕೋಶ ತನ್ನದೇ ಸರಕನ್ನು ಹೆಚ್ಚು ಕರಗಿಸಿ ಉಣ್ಣುತ್ತದೆ. ಅದಕ್ಕೇ ಕರಗಿಸುವ ಕಿಣ್ವವಿಲ್ಲದ ತಳಿಯನ್ನು ಅವರು ಉಪವಾಸ ಕೆಡವಿದರು. ಕಸ ಕರಗುವ ಚೀಲವಾದ ವ್ಯಾಕ್ಯೂಲ್ ತುಂಬ ಗುಳ್ಳೆ. ಆ ಕೆಲಸಕ್ಕೇ 2016ರ ನೊಬೆಲ್.

ಆ ತಳಿ ನನಗೆಲ್ಲಿ ಸಿಗಬೇಕು? ಕಿಣ್ವ ತಡೆಯುವ ಪಿಎಂಎಸ್‌ಎಫ್ ಹಾಕಿದೆ. ಏನೂ ಕಾಣಲಿಲ್ಲ. ಎರಡನೇ ಸಲವೂ ಇಲ್ಲ. ಯೀಸ್ಟನ್ನು ಬೈದುಕೊಂಡೆ, ತಪ್ಪು ನನ್ನದು: ಪಿಎಂಎಸ್‌ಎಫನ್ನು ಬೆಳಿಗ್ಗೆಯೇ ನೀರಿಗೆ ಬೆರೆಸಿಟ್ಟಿದ್ದೆ, ನೀರಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಆಲ್ಕೋಹಾಲಿನಲ್ಲಿ ಕರಗಿಸಿಟ್ಟುಕೊಂಡು ಬೇಕಾದಾಗಲೇ ಹಾಕಬೇಕು. ವಿಷ, ಮಕ್ಕಳ ಕೈಗೆ ಕೊಡಲಿಲ್ಲ.

ಮೂರನೇ ಸಲ ಯೀಸ್ಟನ್ನು ಚೆನ್ನಾಗಿ ತೊಳೆದು, ಸಾರಜನಕವಿಲ್ಲದ, 2% ಗ್ಲೂಕೋಸ್ ಇರುವ ದ್ರಾವಣಕ್ಕೆ ಹಾಕಿ, ಆಗಲೇ ಪಿಎಂಎಸ್‌ಎಫ್ ಬೆರೆಸಿದೆ. ಸಾರಜನಕವಿಲ್ಲದಿರುವುದೇ ಇಲ್ಲಿ ಉಪವಾಸ. ಬೇಕಾದದ್ದು 30 ಡಿಗ್ರಿ. ನಡುವೆ ಕರೆಂಟ್ ಹೋಯಿತು. ಏಪ್ರಿಲ್‌ನ ತುಮಕೂರಿನಲ್ಲಿ ಇನ್‌ಕ್ಯುಬೇಟರ್ ನಿಂತರೇನು! ನಾಲ್ಕು ಗಂಟೆ ಬಿಟ್ಟು ಒಂದು ತೊಟ್ಟು, ಎಣ್ಣೆ ಹಾಕಿ 100ರ ಲೆನ್ಸು.

"ಮೇಡಂ, ಒಳಗೇನೋ ಕುಣೀತೈತೆ!"

ವ್ಯಾಕ್ಯೂಲಿನೊಳಗೆ ಸಣ್ಣ ಕಾಳುಗಳು ನಡುಗುತ್ತಿದ್ದವು. ಪಿಎಂಎಸ್‌ಎಫ್ ಹಾಕದೆ ಉಪವಾಸ ಕೆಡವಿದ ಸೀಸೆಯಲ್ಲಿ ಖಾಲಿ. ಅಲ್ಲಿ ಕಸವೇ ಬರುತ್ತಿಲ್ಲ ಅಂದುಕೊಂಡರು ಮಕ್ಕಳು. ಬರುತ್ತಿದೆ, ನಿಲ್ಲುತ್ತಿಲ್ಲ ಎಂದು ತಿಳಿಸಲು ಅರ್ಧ ಗಂಟೆ ಹಿಡಿಯಿತು. ಪಿಎಂಎಸ್‌ಎಫ್ ಹಾಕಿ ಹೊಟ್ಟೆ ತುಂಬ ಉಣಿಸಿದ ಮೂರನೇ ಸೀಸೆಯಲ್ಲಿ ಕಾಳು ಹುಡುಕಿದರೂ ಸಿಗಲಿಲ್ಲ.

"ಹಾಗಾದ್ರೆ ಏಕಾದಶಿ ಮಾಡೋರಿಗೆ ವಯಸ್ಸಾಗಲ್ವಾ ಮೇಡಂ?" ಎಂದಳು ಒಬ್ಬಳು. ಈ ಸ್ಲೈಡ್ ಅಷ್ಟು ಹೇಳುವುದಿಲ್ಲಮ್ಮ ಎಂದೆ. ಕಾಳಿನೊಳಗೆ ಸುತ್ತಿಕೊಂಡದ್ದು ಕೋಶದ ಸಾಮಾನ್ಯ ಸರಕು, ಕೆಟ್ಟ ಗಂಟೇ ಎನ್ನಲಾರೆ. ಗಂಟಿನ ಸಾಕ್ಷಿ ಬೇರೆಡೆ ಇದೆ: ಮಿದುಳಿನಲ್ಲಿ ಆಟೋಫೇಜಿಯ ಜೀನ್ ತೆಗೆದ ಇಲಿಗಳ ನರಕೋಶದಲ್ಲಿ ಎಳೆಯದರಲ್ಲೇ ಗಂಟು ತುಂಬಿದ್ದನ್ನು 2006ರಲ್ಲಿ ಜಪಾನಿನ ಎರಡು ತಂಡಗಳು ತೋರಿಸಿದವು.

ಮಾಡುವವರಿದ್ದರೆ ಕವರ್‌ಸ್ಲಿಪ್ಪಿನ ಅಂಚಿಗೆ ನೈಲ್ ಪಾಲಿಶ್ ಹಚ್ಚಿ. ನಮ್ಮ ಸ್ಲೈಡ್ ಎಲ್ಲರೂ ನೋಡುವಷ್ಟರಲ್ಲಿ ಒಣಗಿತ್ತು.